ಉತ್ತರಿಸದೆ ಬಿಡದ ನಮ್ಮ ಮಾವ

ನನ್ನ ಸೋದರಮಾವ ನಿಮಗೆ ಎಲ್ಲಾದರೂ ಎದುರಾದರೆ ದಯವಿಟ್ಟು "ಹೇಗಿದ್ದೀರಾ?" ಎಂದು ಕೇಳಬೇಡಿ. ಅವರು ಹೇಳಿಬಿಡುತ್ತಾರೆ.

ನೀವು ಸುಮ್ಮನೆ ಮರ್ಯಾದೆಗೆ ಕೇಳಿರುತ್ತೀರಿ. ಅವರು ಅದನ್ನು ಪ್ರಶ್ನೆ ಎಂದೇ ಭಾವಿಸುತ್ತಾರೆ. ಎಡ ಮಂಡಿಯಿಂದ ಶುರುಮಾಡಿ ಬಲ ಮಂಡಿಗೆ ದಾಟಿ, ನಡುವೆ ಜೀರ್ಣಶಕ್ತಿಯ ವಿಚಾರವನ್ನೂ ಮುಗಿಸಿ, "ಇನ್ನು ನಿದ್ದೆ ವಿಷಯಕ್ಕೆ ಬಂದ್ರೆ" ಎಂದು ಗಂಟಲು ಸರಿಮಾಡಿಕೊಳ್ಳುತ್ತಾರೆ. ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಪಕ್ಕದ ಮನೆಯ ನಿವೃತ್ತ ಎಂಜಿನಿಯರೊಬ್ಬರು ಹೀಗೆ ಕೇಳಿಬಿಟ್ಟು, ತಾವು ಹತ್ತಬೇಕಿದ್ದ ಬಸ್ಸು ಕಣ್ಣೆದುರೇ ಹೋಗುವುದನ್ನು ನೋಡುತ್ತ ನಿಂತಿದ್ದರು. ಅಂದಿನಿಂದ ಅವರು ಮಾವನನ್ನು ಕಂಡರೆ ದೂರದಿಂದಲೇ ಕೈಮುಗಿದು ಹತ್ತಿರದ ಅಂಗಡಿಗೆ ನುಗ್ಗುತ್ತಾರೆ. ಮೊನ್ನೆ ನುಗ್ಗಿದ್ದು ಬಳೆ ಅಂಗಡಿಗೆ.

ಇಂಥವರು ನಮ್ಮ ರಾಜ್ಯದ ಮೇಲ್ಮನೆಯಲ್ಲಿ ಸಭಾನಾಯಕರಾಗಿದ್ದರು ಎಂದರೆ ನೀವು ನಂಬಬೇಕು. ಸಭಾನಾಯಕರೆಂದರೆ ಆಳುವ ಪಕ್ಷದ ಕಡೆಯಿಂದ ಸದನದ ಮುಂದಿನ ಸಾಲಿನಲ್ಲಿ ಕೂರುವವರು. ಯಾರಾದರೂ ಸಚಿವರು ಬಾರದ ದಿನ ಅವರ ಪರವಾಗಿ ಎದ್ದು ನಿಂತು ಸದಸ್ಯರಿಗೆ ಉತ್ತರ ಕೊಡುವ ಕೆಲಸ ಇವರದು. ಬೇರೆಯವರಾದರೆ "ಪರಿಶೀಲಿಸಲಾಗುವುದು" ಎಂದು ಹೇಳಿ ಕೂತುಬಿಡುತ್ತಾರೆ. ನಮ್ಮ ಮಾವ ಕೂರುವವರಲ್ಲ. ಒಮ್ಮೆ ಯಾವುದೋ ಕೆರೆಯ ಹೂಳಿನ ಬಗ್ಗೆ ಕೇಳಿದ ಸದಸ್ಯರು, ಉತ್ತರದ ಅರ್ಧದಲ್ಲಿ ಸುಸ್ತಾಗಿ, "ಸಾಕು, ನಂಗೆ ತೃಪ್ತಿಯಾಯ್ತು" ಎಂದರಂತೆ.

"ನಿಮಗೆ ಆಗಿರಬಹುದು. ಉತ್ತರ ಇನ್ನೂ ಮುಗಿದಿಲ್ಲ," ಎಂದು ಮಾವ ಮುಂದುವರಿಸಿದರಂತೆ.

ಮನೆಯಲ್ಲೂ ಅದೇ ಕಥೆ. ಅತ್ತೆ ಊಟಕ್ಕೆ ಬಡಿಸುತ್ತ, "ಉಪ್ಪು ಸರಿಯಾಗಿದ್ಯಾ?" ಎಂದು ಕೇಳಿದರೆ, ಕೈಯಲ್ಲಿನ ತುತ್ತು ಹಾಗೇ ಹಿಡಿದು ಯೋಚಿಸುತ್ತಾರೆ.

"ಸಾರಿಗೆ ಸರಿಯಾಗಿದೆ. ಪಲ್ಯದ್ದು ನೀನು ಕೇಳ್ಲಿಲ್ಲ."

"ಕೇಳೋದೂ ಇಲ್ಲ," ಎಂದು ಅತ್ತೆ ಪಲ್ಯದ ಪಾತ್ರೆಯನ್ನೇ ಒಳಗೆ ತೆಗೆದುಕೊಂಡು ಹೋಗುತ್ತಾರೆ.

ನನ್ನ ಮದುವೆ ಮಾತುಕತೆಯ ದಿನವನ್ನಂತೂ ನಾನು ಮರೆಯುವ ಹಾಗಿಲ್ಲ. ಗಂಡಿನ ತಾಯಿ ಮೆಲ್ಲಗೆ, "ಹುಡುಗಿಗೆ ಅಡುಗೆ ಬರುತ್ತೆ ಅಲ್ವಾ?" ಎಂದರು. ನನ್ನಮ್ಮ ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದೇ ನಿಂತರು. "ಬರಲ್ಲ. ಕಲಿಯೋ ಲಕ್ಷಣಾನೂ ನಂಗೆ ಕಾಣ್ತಿಲ್ಲ." ಅಮ್ಮನ ಮುಖ ಕಪ್ಪಿಟ್ಟಿತು. ಗಂಡು ಮಾತ್ರ ನಕ್ಕು, "ನಂಗೆ ಬರುತ್ತೆ," ಎಂದರು. ಅವರು ಇವತ್ತಿಗೂ ಜೆ.ಪಿ. ನಗರದ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾರೆ. ಮಾವನ ನಿಜದಿಂದ ನನಗೆ ಸಿಕ್ಕ ಲಾಭ ಅದು. ಆದರೆ ನಿಜ ಹೇಳಿದ್ದಕ್ಕೆ ಅವರಿಗೆ ಸಿಕ್ಕಿದ್ದು ಬೇರೆ.

ವಿರೋಧ ಪಕ್ಷದಲ್ಲಿ ಒಬ್ಬ ಸದಸ್ಯೆ ಇದ್ದರು, ಹಿಂದೆ ಹೈಸ್ಕೂಲ್ ಮೇಡಂ ಆಗಿದ್ದವರು. ಉತ್ತರಹಳ್ಳಿಯಿಂದಾಚೆಗಿನ ಒಂದು ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂದು ಅವರು ಪ್ರಶ್ನೆ ಹಾಕಿದ್ದರು. ಸೋಮವಾರ ಉತ್ತರ ಬರಬೇಕು. ಸಂಬಂಧಪಟ್ಟ ಸಚಿವರು ಊರಲ್ಲಿಲ್ಲ. ಹಾಗಾಗಿ ಇಲಾಖೆಯವರು ಸಿದ್ಧಪಡಿಸಿದ ಉತ್ತರ ಮಾವನ ಕೈಗೆ ಬಂತು. "ಶೌಚಾಲಯವಿದ್ದು, ಬಳಕೆಯಲ್ಲಿದೆ." ಅಷ್ಟೇ.

ಅಷ್ಟು ಚಿಕ್ಕ ಉತ್ತರವನ್ನು ನಮ್ಮ ಮಾವ ನಂಬುತ್ತಾರೆಯೇ? ಶನಿವಾರ ಬೆಳಿಗ್ಗೆ ನನಗೆ ಫೋನ್ ಮಾಡಿ, "ರೆಡಿಯಾಗು, ಉತ್ತರಹಳ್ಳಿ ಕಡೆ ಹೋಗ್ಬೇಕು," ಎಂದರು.

"ನಿಮ್ಮ ಕಾರಿದೆಯಲ್ಲ ಮಾವ, ನಾನ್ಯಾಕೆ?"

"ಸರ್ಕಾರಿ ಕಾರಲ್ಲಿ ಹೋದ್ರೆ ನಮಗಿಂತ ಮುಂಚೆ ಅಲ್ಲಿ ಎಲ್ಲಾ ರೆಡಿಯಾಗಿರುತ್ತೆ. ಆಟೋದಲ್ಲಿ ಹೋಗೋಣ. ಹೆಣ್ಮಕ್ಕಳ ಜಾಗ, ನಾನು ಒಳಗೆ ಹೋಗಕ್ಕಾಗಲ್ಲ. ನೀನು ನೋಡ್ಕೊಂಡು ಬಾ."

ಕಾರು, ಗನ್‌ಮ್ಯಾನ್ ಎಲ್ಲವನ್ನೂ ಜಯನಗರದ ಮನೆಯಲ್ಲೇ ಅತ್ತೆಯ ಕಾಫಿಗೆ ಒಪ್ಪಿಸಿ ಹೊರಟೆವು. ಶಾಲೆಯ ಬಾಗಿಲಲ್ಲಿ ಎದುರಾದ ಹೆಡ್‌ಮೇಡಂಗೆ ಇವರು ಯಾರೆಂದು ತಿಳಿಯಲಿಲ್ಲ.

"ಮೊಮ್ಮಗಳಿಗೆ ಅಡ್ಮಿಷನ್ನಾ ಅಂಕಲ್?"

"ಅಲ್ಲಮ್ಮ. ಶೌಚಾಲಯ ನೋಡ್ಬೇಕಿತ್ತು."

ಆಕೆ ಮಾವನ ವಯಸ್ಸನ್ನು ಕಂಡು ಕನಿಕರಪಟ್ಟರು. "ಅರ್ಜೆಂಟಾ? ಹಾಗೆ ಕಾಂಪೌಂಡ್ ಹಿಂದೆ ಹೋಗ್ಬಿಡಿ ಅಂಕಲ್, ಯಾರೂ ಏನೂ ಅನ್ನಲ್ಲ."

ನಾನು ನಗು ತಡೆಯಲಾರದೆ ಆ ಕಡೆ ತಿರುಗಿದೆ. ಮಾವ ನಗಲಿಲ್ಲ. ತಾವು ಯಾರು, ಯಾಕೆ ಬಂದದ್ದು ಎಂದು ಪೂರ್ತಿ ಹೇಳಿದರು. ಹೆಡ್‌ಮೇಡಂ ಬೆವರು ಒರೆಸಿಕೊಳ್ಳುತ್ತ ಬೀಗದ ಕೈ ತಂದರು. ಶೌಚಾಲಯ ಇತ್ತು. ಹೊಸ ಬಣ್ಣ, ಗೋಡೆಗೆ ಟೈಲ್ಸ್. ನಲ್ಲಿ ತಿರುಗಿಸಿದೆ, ಗಾಳಿಯೂ ಬರಲಿಲ್ಲ. ಪೈಪು ಗೋಡೆಯ ಆಚೆಗೆ ಬಂದು ಅಲ್ಲೇ ನಿಂತಿತ್ತು. ನೀರಿನ ಸಂಪರ್ಕವನ್ನೇ ಕೊಟ್ಟಿರಲಿಲ್ಲ.

"ಕೇಳಿ ಕೇಳಿ ಸಾಕಾಯ್ತು ಸಾರ್," ಎಂದರು ಹೆಡ್‌ಮೇಡಂ. "ಗಲೀಜಾಗುತ್ತೆ ಅಂತ ಬೀಗ ಹಾಕ್ಬಿಟ್ಟೆ."

ಅಲ್ಲೇ ನಿಂತಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳನ್ನು ನಾನು, "ಮತ್ತೆ ನೀವೆಲ್ಲ ಏನ್ಮಾಡ್ತೀರ ಪುಟ್ಟಿ?" ಎಂದು ಕೇಳಿದೆ.

"ನಾವು ನೀರೇ ಕುಡಿಯಲ್ಲ ಆಂಟಿ, ಮನೆಗೆ ಹೋಗೋವರ್ಗೂ."

ಅದನ್ನು ಅವಳು ದೂರಿನಂತೆ ಹೇಳಲಿಲ್ಲ, ಹಾಜರಿ ಹೇಳಿದ ಹಾಗೆ ಹೇಳಿದಳು. ವಾಪಸ್ ಬರುವಾಗ ಆಟೋದವರು, "ಇಲ್ಲಿ ರೋಡ್ ಯಾವಾಗ ಸಾರ್ ರಿಪೇರಿ ಆಗೋದು?" ಎಂದು ಕೇಳಿದರು. ಮಾವ ಉತ್ತರಿಸಲಿಲ್ಲ. ನಾನು ಗಾಬರಿಯಿಂದ ಅವರ ಮುಖ ನೋಡಿದೆ.

ಉತ್ತರ ತಪ್ಪೆಂದು ಮಾವ ಅಂದೇ ಇಲಾಖೆಗೆ ತಿಳಿಸಿದ್ದರಿಂದ, ಭಾನುವಾರ ಇಡೀ ದಿನ ಪಕ್ಷದವರ ಫೋನು. ಅತ್ತೆ ಹೇಳಿದ್ದು: "ಇಲಾಖೆಯವರು ಕೊಟ್ಟಿದ್ದನ್ನ ಓದಿ ಕೂತ್ಕೊಳ್ಳಿ ಅಂತ ಒಬ್ಬೊಬ್ಬರೂ ಹೇಳಿದ್ರು ಕಣೆ. ಇವರು ಆಗಲ್ಲ ಅಂತ ಒಂದೇ ಮಾತು."

ಸೋಮವಾರ ನಾನೂ ಅತ್ತೆಯೂ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತಿದ್ದೆವು. ಸದಸ್ಯೆ ಎದ್ದು ಪ್ರಶ್ನೆ ಕೇಳಿದರು. ಮಾವ ಎದ್ದರು. "ಮಾನ್ಯ ಸಭಾಪತಿಗಳೇ, ನನಗೆ ಕೊಟ್ಟಿರುವ ಉತ್ತರ ತಪ್ಪು. ನಾನೇ ಹೋಗಿ ನೋಡಿ ಬಂದಿದ್ದೇನೆ. ಕಟ್ಟಡ ಇದೆ, ನೀರಿಲ್ಲ. ಮಕ್ಕಳು ಸಂಜೆಯವರೆಗೆ ಬಾಯಾರಿಯೇ ಇರುತ್ತಾರೆ. ಇದು ನಮ್ಮ ಸರ್ಕಾರದ ತಪ್ಪು." ಅಷ್ಟು ಹೇಳಿ ಕೂತರು. ಅವರು ಕೊಟ್ಟ ಉತ್ತರಗಳಲ್ಲೆಲ್ಲ ಅದೇ ಚಿಕ್ಕದು.

ವಿರೋಧ ಪಕ್ಷದವರಿಗೆ ಯಾರ ಮೇಲೆ ಕೂಗಬೇಕೆಂದು ತಿಳಿಯಲಿಲ್ಲ. ಕೂಗಿದ್ದೆಲ್ಲ ಮಾವನ ಬೆನ್ನ ಹಿಂದಿನ ಸಾಲುಗಳೇ. ಅವರು ತಿರುಗಿ ನೋಡದೆ, ಕೈಕಟ್ಟಿಕೊಂಡು, ಮುಂದಿನ ಪ್ರಶ್ನೆಗೆ ಕಾದರು. ಪ್ರಶ್ನೆ ಕೇಳಿದ ಮೇಡಂ ಆಮೇಲೆ ಕಾರಿಡಾರಿನಲ್ಲಿ ಸಿಕ್ಕು, "ನಿಮ್ಮವರನ್ನ ಸಿಕ್ಕಿಹಾಕ್ಸೋಕೇ ಕೇಳಿದ್ದೆ ಸಾರ್, ಸುಳ್ಳು ಹೇಳಲ್ಲ," ಎಂದರು.

"ಒಳ್ಳೇ ಪ್ರಶ್ನೆ ಮೇಡಂ," ಎಂದರು ಮಾವ. "ಇನ್ನೂ ಮೊದಲೇ ಕೇಳ್ಬೇಕಿತ್ತು."

ಅಧಿವೇಶನ ಮುಗಿಯುತ್ತಲೇ ಸಭಾನಾಯಕರ ಸ್ಥಾನ ಹೋಯಿತು. ಅನಾರೋಗ್ಯದ ಕಾರಣ ಬಿಟ್ಟುಕೊಟ್ಟಿದ್ದಾರೆಂದು ಪಕ್ಷದವರು ಪ್ರಕಟಿಸಿದರು. ಪಾಪ, ಅವರಿಗೆ ನಮ್ಮ ಮಾವನ ಪರಿಚಯ ಸಾಲದು. ಮನೆ ಮುಂದೆ ಬಂದ ಪತ್ರಕರ್ತರು "ಆರೋಗ್ಯ ಹೇಗಿದೆ ಸಾರ್?" ಎಂದದ್ದೇ ತಡ, ಮಂಡಿಯಿಂದ ಹಿಡಿದು ಎಲ್ಲವನ್ನೂ ವಿವರಿಸಿ, "ಒಟ್ಟಿನಲ್ಲಿ ಚೆನ್ನಾಗಿದೆ. ನನ್ನ ತೆಗೆದಿದ್ದು ಅದಕ್ಕಲ್ಲ," ಎಂದುಬಿಟ್ಟರು.

ಕಾರು ಹೋಯಿತು, ಗನ್‌ಮ್ಯಾನ್ ಹೋದರು, ಬೆಳಿಗ್ಗೆ ವರಾಂಡ ತುಂಬುತ್ತಿದ್ದ ಜನ ಹೋದರು. ಸದನದಲ್ಲಿ ಹಿಂದಿನ ಸಾಲು ಸಿಕ್ಕಿತು. ಮುಂದಿನ ಅಧಿವೇಶನದಲ್ಲಿ ಅಲ್ಲಿಂದಲೇ ಎದ್ದು, ಆ ಶಾಲೆಗೆ ನೀರು ಬಂದಿದೆಯೇ ಎಂದು ಕೇಳಿದರು. ಬಂದಿದೆ ಎಂದು ಹೊಸ ಸಭಾನಾಯಕರು ಹೇಳಿದರು.

ಮಾವ ಮತ್ತೆ ಆಟೋ ಹತ್ತಿದರು. ಈ ಸಲ ಅತ್ತೆ ತಾವಾಗಿಯೇ ಸೀರೆ ಬದಲಿಸಿ, "ನಾನೂ ಬರ್ತೀನಿ," ಎಂದು ಹೊರಟರು. ನಾನೂ ಜೊತೆಗಿದ್ದೆ. ಹೆಡ್‌ಮೇಡಂ ದೂರದಿಂದಲೇ ಕಂಡು ಓಡಿಬಂದು, ಶೌಚಾಲಯದ ಹೊರಗೋಡೆಗೆ ಹೊಸದಾಗಿ ಹಾಕಿದ್ದ ನಲ್ಲಿಯನ್ನು ತೋರಿಸಿದರು. ಮಾವ ಅದನ್ನು ತಿರುಗಿಸಿದರು.

ನೀರು ಬಂತು. ಅದರ ಕೆಳಗೆ ಅವರು ಕೈಯೊಡ್ಡಿ ನಿಂತರು. ಹಿಂದಿನ ಸಾಲಿಗೆ ಹೋದ ದಿನವೂ ಸ್ಥಿರವಾಗಿದ್ದ ಮುಖ ಆಗ ಅಲುಗಾಡಿತು. ಮಕ್ಕಳು ನೋಡಿಯಾರೆಂದು ಗೋಡೆಯ ಕಡೆಗೆ ತಿರುಗಿಕೊಂಡರು.

"ಸಾಕು, ನೀರು ಪೋಲಾಗುತ್ತೆ," ಎಂದು ಅತ್ತೆ ನಲ್ಲಿ ನಿಲ್ಲಿಸಿದರು. ಸೆರಗಿನಿಂದ ಅವರ ಕೈಯನ್ನು ಬೆರಳು ಬೆರಳಾಗಿ ಒರೆಸಿದರು. ಒರೆಸಿ ಮುಗಿದ ಮೇಲೂ ಆ ಕೈಯನ್ನು ಬಿಡಲಿಲ್ಲ.