ನೋವು ಹೋಗೋವರೆಗೂ ಗ್ಯಾರಂಟಿ

ಹಾಸಿಗೆ ಅಂಗಡಿಯ ಸೇಲ್ಸ್‌ಮನ್‌ಗೆ ತನ್ನ ಬಾಯಿಯ ಮೇಲೆ ಅಪಾರ ಭರವಸೆ. ನೆಲದ ಮೇಲೆ ಮಲಗುವುದೇ ಆರೋಗ್ಯ ಎಂದು ವಾದಿಸಲು ಬಂದವನಿಗೂ ಡಬಲ್ ಹಾಸಿಗೆ ಹೊರಿಸಿ ಕಳಿಸಿದ ಬಾಯಿ ಅದು. (ಮನೆಯಲ್ಲಿ ಮಾತ್ರ ಅದಕ್ಕೆ ಬೆಲೆಯಿಲ್ಲ ಎಂಬುದು ಅವನ ಹಳೆಯ ದೂರು.) ಹಾಗಾಗಿ ಲಸಿಕೆಯ ವಿಷಯಕ್ಕೆ ಅತ್ತೆಗೂ ಹೆಂಡತಿಗೂ ಮಾತು ನಿಂತಾಗ, ಸಂಧಾನದ ಮಹಾಭಾರವನ್ನು ಯಾರೂ ಕೇಳದೆಯೇ ಹೊತ್ತುಕೊಂಡ.

ಹೆಂಡತಿ ಏಳು ತಿಂಗಳ ಬಸುರಿ. ಎಳೆಗೂಸಿಗೆ ನಾಯಿಕೆಮ್ಮು ತಗುಲಿದರೆ ಜೀವಕ್ಕೇ ಸಂಚಕಾರ, ಮಗುವನ್ನು ಎತ್ತಿಕೊಳ್ಳುವವರೆಲ್ಲ ಮೊದಲೇ ಲಸಿಕೆ ಹಾಕಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರು. ಅಳಿಯ ಅಂದೇ ತೋಳು ಒಡ್ಡಿ ಬಂದಿದ್ದ. ನೆರವಿಗೆಂದು ಬಂದಿದ್ದ ಅತ್ತೆ ಮಾತ್ರ "ನೋಡೋಣ" ಎಂದವರು ನೋಡುತ್ತಲೇ ಇದ್ದರು. "ಹಾಕಿಸ್ಕೊಳ್ದಿದ್ರೆ ಮಗೂನ ನಿನ್ನ ಕೈಗೆ ಕೊಡಲ್ಲ" ಎಂದುಬಿಟ್ಟಳು ಮಗಳು. ಆಮೇಲೆ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದು ಮಾಡುತ್ತಿದ್ದವು.

ಅವನ ವೃತ್ತಿಧರ್ಮ ಒಂದೇ: ಗಿರಾಕಿಯ ಅನುಮಾನವನ್ನು ಗಿರಾಕಿಗಿಂತ ಮೊದಲು ತಾನೇ ಎತ್ತಿ, ತಾನೇ ಹೊಡೆದುರುಳಿಸಬೇಕು. ಬಟಾಣಿ ಸುಲಿಯುತ್ತಿದ್ದ ಅತ್ತೆಯ ಎದುರು ಹೋಗಿ ಕುಳಿತ.

"ಅತ್ತೆ, ಜ್ವರ ಬರುತ್ತೆ ಅಂತ ತಾನೆ ನಿಮ್ಮ ಭಯ? ಬಂದ್ರೂ ಒಂದೆರಡು ದಿನ ಅಷ್ಟೆ."

"ಜ್ವರ ಬರುತ್ತಾ?" ಅತ್ತೆಯ ಕೈ ನಿಂತಿತು.

"ಎಲ್ರಿಗೂ ಬರಲ್ಲ. ತೋಳು ನೋವು ಬಂದು ಊದಿದ್ರೂ ಇಳಿದುಹೋಗುತ್ತೆ."

"ಊದೋದು ಬೇರೆ ಇದೆಯಾ?"

"ತಲೆ ಸುತ್ತಿ ಬೀಳೋರಂತೂ ತೀರಾ ಕಡಿಮೆ."

"ಅಳಿಯಂದಿರೇ, ಇಷ್ಟೆಲ್ಲ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ" ಎಂದು ಅತ್ತೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ರೀ, ನೀವು ಸ್ವಲ್ಪ ಬಾಯಿ ಮುಚ್ಚಿ."

ಅವಳು ಉಸ್ಸೆನ್ನುತ್ತ ತಾಯಿಯ ಪಕ್ಕ ಕೂತು ತಾನೂ ಬಟಾಣಿ ಸುಲಿಯತೊಡಗಿದಳು. "ಅಮ್ಮ, ಆವತ್ತು ನಾನು ಹಾಗನ್ನಬಾರದಿತ್ತು. ನಿಂಗೇನು ಚಿಂತೆ, ಹೇಳು."

ಅತ್ತೆ ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ನಾಲ್ಕು ಕಾಯಿ ಸುಲಿದರು. ಸೇಲ್ಸ್‌ಮನ್‌ನ ನಾಲಿಗೆ ತುರಿಸಿತು. ಹಲ್ಲು ಕಚ್ಚಿ ಹಿಡಿದ.

"ಹಿಂದೊಂದ್ಸಲ ಸೂಜಿ ಹಾಕಿಸ್ಕೊಂಡು ತೋಳು ಎತ್ತೋಕಾಗದೆ ಮಲಗಿದ್ದೆ" ಎಂದರು ಅತ್ತೆ ಕೊನೆಗೆ. "ನಿಂಗೆ ಬಗ್ಗೋಕಾಗಲ್ಲ. ನಾನೂ ಮಲಗಿದ್ರೆ ನಿನ್ನ ನೋಡ್ಕೊಳ್ಳೋರು ಯಾರು? ಇದನ್ನ ಹೇಳಿದ್ರೆ ನೀನೇ ಕೆಲಸಕ್ಕೆ ನುಗ್ತೀಯ ಅಂತ ಹೇಳ್ಲಿಲ್ಲ."

ಮಗಳ ಕಣ್ಣು ತುಂಬಿತು. ತಾಯಿಯ ಕೈ ಹಿಡಿದುಕೊಂಡಳು.

"ಇವರಿದಾರಲ್ಲಮ್ಮ. ಪಾತ್ರೆ, ಬಟ್ಟೆ, ಅಡುಗೆ ಎಲ್ಲ ಇವರೇ ನೋಡ್ಕೋತಾರೆ."

"ಅಳಿಯಂದಿರು ಮಾಡ್ತಾರಾ?"

"ಗ್ಯಾರಂಟಿ, ಅತ್ತೆ. ನಿಮ್ಮ ತೋಳು ನೋವು ಹೋಗೋವರೆಗೂ" ಎಂದ ಅವನು, ವ್ಯಾಪಾರ ಕುದುರಿಸುವ ಆತುರದಲ್ಲಿ. ಗ್ಯಾರಂಟಿಗೆ ಅವಧಿ ಹಾಕುವುದನ್ನು ಅಂಗಡಿಯಲ್ಲಿ ಅವನು ಒಮ್ಮೆಯೂ ಮರೆತವನಲ್ಲ.

ಅತ್ತೆ ಅಂದೇ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಜ್ವರವಿಲ್ಲ, ಊತವಿಲ್ಲ. ವಾರ ಕಳೆದರೂ ಸಿಂಕಿನ ಮುಂದೆ ನಿಂತಿದ್ದ ಅಳಿಯ, ನೊರೆಗೈಯಲ್ಲೇ ಒಳಗೆ ಇಣುಕಿದ. ಅತ್ತೆ ಅದೇ ತೋಳಿನಿಂದ ಸರಸರನೆ ಮಗುವಿನ ಟೋಪಿ ಹೆಣೆಯುತ್ತಿದ್ದರು. ಪಕ್ಕದಲ್ಲಿ ಹೆಂಡತಿ ನಗುತ್ತಿದ್ದಳು.

"ಅತ್ತೆ, ತೋಳು ನೋವು ಹೋಯ್ತಾ?"

"ಇನ್ನೂ ಬಂದೇ ಇಲ್ಲ ಅಳಿಯಂದಿರೇ" ಎಂದರು ಅತ್ತೆ, ಟೋಪಿಯಿಂದ ಕಣ್ಣೆತ್ತದೆ. "ಬಂದ ಮೇಲೆ ತಾನೆ ಹೋಗೋದು?"