ಮೋತಿಗೆ ಕಲಸಿದ ಮಲೀದಾ

ನಮ್ಮ ಬೀದರು ಮೈಸೂರು ರಾಜ್ಯಕ್ಕೆ ಸೇರಿದ ತಿಂಗಳಲ್ಲೇ ನಾನೂ ಒಂದು ಘನವಾದ ನಿರ್ಧಾರ ಮಾಡಿದೆ. ನಮ್ಮ ನಾಯಿ ಮೋತಿಯ ತುರಿಕೆಯನ್ನು ನಾನೇ ವಾಸಿಮಾಡಬೇಕು! ಇಡೀ ಜಿಲ್ಲೆಯೇ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಬರಬಹುದಾದರೆ, ಒಂದು ನಾಯಿಯ ಮೈಬಿಟ್ಟು ತುರಿಕೆ ಹೋಗುವುದು ಯಾವ ದೊಡ್ಡ ಮಾತು?

ಔಷಧ ಮನೆಯಲ್ಲೇ ಇತ್ತು. ನಾನು ಗಾಂಧಿ ಗಂಜ್ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ತೊಗರಿ ಧೂಳಿಗೆ ಮೈತುಂಬ ದದ್ದು ಏಳುತ್ತದೆಂದು ಡಾಕ್ಟರು ನನಗೆ ಅಲರ್ಜಿ ಗುಳಿಗೆ ಕೊಟ್ಟಿದ್ದರು, ಜೊತೆಗೆ ತಾಕತ್ತಿನ ಗುಳಿಗೆ.

"ದನದ ದವಾಖಾನಿಗಿ ಒಯ್ರಿ" ಎಂದು ಹೆಂಡತಿ ಶಾಲುಬಾಯಿ ದಿನವೂ ಹೇಳುತ್ತಿದ್ದಳು. ಮೋತಿ ಅವಳು ಕೈಯಾರೆ ಹಾಲು ಕುಡಿಸಿ ಬೆಳೆಸಿದ ನಾಯಿ.

"ಡಾಕ್ಟರು ಯಾಕ? ನಾ ಇಲ್ಲೇನು?"

"ಅದಕ್ಕೇ ಅಂಜಿಕಿ ನನಗ" ಎಂದಳು.

ನಮ್ಮಲ್ಲಿ ಕಡೆಯ ರೊಟ್ಟಿ ನಾಯಿಯ ಪಾಲು. ಒಂದು ಬೆಳಿಗ್ಗೆ ಅವಳು ನೀರಿಗೆ ಹೋದಾಗ ಆ ರೊಟ್ಟಿಯನ್ನು ಪುಡಿಮಾಡಿದೆ. ಮೂರು ಅಲರ್ಜಿ ಗುಳಿಗೆ, ಎರಡು ತಾಕತ್ತಿನ ಗುಳಿಗೆ ಕುಟ್ಟಿ ಹಾಕಿದೆ. ಬೆಲ್ಲ, ತುಪ್ಪ ಸುರಿದು ಮಲೀದಾ ಕಲಸಿ, ಒಲೆಯ ಪಕ್ಕ ಇಟ್ಟು ಜಳಕಕ್ಕೆ ಹೋದೆ. ಬಂದು ನೋಡಿದರೆ ತಟ್ಟೆ ಖಾಲಿ, ಮೋತಿ ಬಾಯಿ ನೆಕ್ಕಿಕೊಳ್ಳುತ್ತಿದ್ದಾನೆ! ಮೀಸೆಯಡಿಯಲ್ಲೇ ನಕ್ಕು, ಹೆಂಡತಿ ಕಟ್ಟಿಟ್ಟ ಊಟದ ಡಬ್ಬಿ ಹಿಡಿದು ಅಂಗಡಿಗೆ ನಡೆದೆ.

ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ನನಗೂ ಮಲೀದಾ! ಕೇಳದೆಯೇ ಸಿಹಿ ಕೊಟ್ಟ ಹೆಂಡತಿಯ ಪ್ರೀತಿಗೆ ಕಣ್ಣು ತುಂಬಿತು. ತುಸು ಕಹಿಯಿತ್ತು. ಬೆಲ್ಲದ ದೋಷವಿರಬೇಕೆಂದು ಬಳಿದು ತಿಂದೆ. ತಾಸೊಂದು ಕಳೆಯುವುದರಲ್ಲಿ ಕಣ್ಣು ಎಳೆಯತೊಡಗಿತು. ನಿದ್ದೆ ಓಡಿಸಲು, ಚೀಲ ತೂಗುವ ಖಾಸಿಂ ಅಲಿಯ ಮುಂದೆ ಮೋತಿಗೆ ಮಾಡಿದ ವೈದ್ಯವನ್ನು ಕೊಚ್ಚಿಕೊಂಡೆ.

"ನಾಯಿ ವಜನ ಎಷ್ಟರಿ?" ಎಂದ.

"ತೂಗಿಲ್ಲ."

"ಚೀಲಾ ಸೈತ ತೂಗದ ಗಾಡಿಗಿ ಹಾಕಲ್ಲ ನಾವು. ಮನಶಾನ ದವಾ ಹಂಗೇ ನಾಯಿ ಹೊಟ್ಟಿಗಿ ಹಾಕೀರಿ? ನಮ್ಮ ಭಾವನ ನಾಯಿ ಹಿಂಗೇ ಮಲಗಿದ್ದು ಏಳಲೇ ಇಲ್ಲರಿ."

ಚಿದ್ರಿಯಲ್ಲಿರುವ ನಮ್ಮ ಮನೆಗೆ ಓಡಿದೆ. ಓಡುವುದೆಲ್ಲಿ, ಕಾಲೇ ಏಳುತ್ತಿಲ್ಲ! ಮೋತಿ ಸತ್ತರೆ ಶಾಲುಬಾಯಿಗೆ ಯಾವ ಮುಖ ತೋರಿಸಲಿ? ಪಾಪ, ನನ್ನನ್ನು ನಂಬಿ ತಿಂದನಲ್ಲ ಎಂದು ಅಳುತ್ತ, ಆಕಳಿಸುತ್ತ ಹೊಸ್ತಿಲು ಮುಟ್ಟಿದೆ. ಮೋತಿ ಹಾರಿಬಂದು ಎದೆಯ ಮೇಲೆ ಕಾಲಿಟ್ಟ.

"ಇವ ಮಲೀದಾ ತಿಂದಿಲ್ಲೇನು?" ಎಂದು ಶಾಲುಬಾಯಿಯನ್ನು ಕೇಳಿದೆ.

"ಇವಗ ಬರೀ ರೊಟ್ಟಿ ಹಾಕೀನಿ. ಮಲೀದಾ ನಿಮ್ಮ ಡಬ್ಬಿಗಿ ತುಂಬೀನಲ್ಲ. ತುಪ್ಪಾ ಬೆಲ್ಲಾ ಹಾಕಿ ನಾಯಿಗಿ ಯಾರು ಕಲಸ್ತಾರ್ರಿ?"

ತಪ್ಪೊಪ್ಪಿಕೊಂಡೆ. ಅವಳು ನಮ್ಮಿಬ್ಬರನ್ನೂ ದನದ ದವಾಖಾನೆಗೆ ಹೊರಡಿಸಿದಳು. ಡಾಕ್ಟರು ಮುರ್ತುಜಾ ಸಾಹೇಬರು ಮೋತಿಯ ಕಿವಿಯ ಹಿಂದಿನ ಉಣ್ಣೆಹುಳು ಕಿತ್ತು, ಮೈ ತೊಳೆಯುವ ಔಷಧ ಕೊಟ್ಟರು.

"ಗುಳಿಗಿ ಬೇಕಾದ್ರ ತೂಕಾ ನೋಡಿ ನಾ ಕೊಡ್ತೇನಿ. ಮನ್ಯಾಗಿಂದು ಯಾವುದೂ ಹಾಕಬ್ಯಾಡ್ರಿ" ಎಂದವರು, ಬೆಂಚಿನ ಮೇಲೆ ತೂಕಡಿಸುತ್ತಿದ್ದ ನನ್ನ ನಾಡಿ ಹಿಡಿದು ನೋಡಿದರು. "ಇವರ್ನ ಒಯ್ದು ಮಲಗಿಸ್ರಿ."

ಒಂದು ಕೈಯಲ್ಲಿ ಮೋತಿಯ ಹಗ್ಗ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು ಶಾಲುಬಾಯಿ ಓಣಿ ಹೊಕ್ಕಳು. ಕಟ್ಟೆಯ ಮೇಲಿದ್ದ ಪಕ್ಕದ ಮನೆಯ ಸುಂದರಬಾಯಿ ಕೇಳಿದಳು, "ದನದ ದವಾಖಾನಿಗಿ ಹೋಗಿದ್ದೇನವ್ವ? ನಾಯಿಗಿ ಏನಾಗ್ಯಾದ?"

"ನಾಯಿ ಆರಾಮ ಅದರಿ" ಎಂದಳು ಶಾಲುಬಾಯಿ.