ಸೊಸೈಟಿಯ ಗೇಟಿಗೆ ಹೊಯ್ಸಳರು ಬಂದದ್ದು

ಊರು ಬಿಟ್ಟು ಬಂದವನಿಗೆ ಒಂದು ತೊಂದರೆಯಿದೆ. ಹೋದಲ್ಲೆಲ್ಲ ಅವನು ಇಡೀ ರಾಜ್ಯದ ವಕೀಲನಾಗಬೇಕಾಗುತ್ತದೆ. ಕಾವೇರಿ ನೀರಿನ ಗಲಾಟೆಯಾದರೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕಟ್ಟಡದವರು ನನ್ನನ್ನೇ ವಿಚಾರಿಸುತ್ತಾರೆ, ನಲ್ಲಿ ನಮ್ಮ ಮನೆಯಲ್ಲೇ ಇದೆಯೇನೋ ಎಂಬಂತೆ. ಹೀಗಿರುವಾಗ ನಮ್ಮ ಹೌಸಿಂಗ್ ಸೊಸೈಟಿಗೆ ಹೊಸ ಗೇಟು ಕಟ್ಟಿಸುವ ಮಾತು ಬಂತು. ಸೆಕ್ರೆಟರಿ ಜೋಶಿಯವರು ಮೀಟಿಂಗಿನಲ್ಲಿ ನನ್ನತ್ತ ತಿರುಗಿ, "ರಾವ್‌ಸಾಹೇಬ್, ತುಮ್ಚಂ ಬೇಲೂರ್ ಆಹೆ ನಾ! ತಸಂಚ್ ಕಾಹೀತರೀ ಕರೂಯಾ" ಎಂದರು. ನಮ್ಮ ಬೇಲೂರಿನಂಥದ್ದೇ ಏನಾದರೂ ಮಾಡೋಣವಂತೆ! ನಾನು ಉಡುಪಿಯವನು, ಬೇಲೂರನ್ನು ಕಂಡದ್ದು ಕ್ಯಾಲೆಂಡರಿನಲ್ಲಿ. ಆದರೆ ಆ ಹೊತ್ತಿಗೆ ಕರ್ನಾಟಕದ ಮಾನ ನನ್ನ ಕೈಯಲ್ಲಿತ್ತು. "ಹೊಯ್ಸಳರ ಗುರುತೇ ಇರಲಿ, ಸಿಂಹದೊಡನೆ ಹೋರಾಡುವ ವೀರ ಸಳ" ಎಂದು ಗಂಭೀರವಾಗಿ ಹೇಳಿಬಿಟ್ಟೆ.

"ನೀವು ಬೇಲೂರಿಗೆ ಯಾವಾಗ ಹೋದದ್ದು ಮಾರಾಯ್ರೆ?" ಎಂದು ಹೆಂಡತಿ ಕೇಳಿದಳು. ನಾನು ಪೇಪರು ಓದುತ್ತಿದ್ದೆ.

ಠಾಕುರ್ಲಿಯಿಂದ ಗಣಪತಿ ಮಾಡುವ ಮೂರ್ತಿಕಾರನನ್ನು ಕರೆಸಿದೆವು. ಪಾಪ, ಸೊಂಡಿಲಿಲ್ಲದ ಮುಖ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ. "ಸೇಠ್, ಯೇ ವೀರ್ ದಿಖತಾ ಕೈಸಾ ಥಾ?" ಎಂದು ವೀರನ ಚಹರೆ ಕೇಳಿದ. ಕ್ಯಾಲೆಂಡರ್ ರದ್ದಿಗೆ ಹೋಗಿತ್ತು. ಮೊಬೈಲಿನಲ್ಲಿ ಚಿತ್ರ ಹುಡುಕುವ ಕಾಲ ಇನ್ನೂ ಬಂದಿರಲಿಲ್ಲ. "ದೊಡ್ಡ ಮೀಸೆ ಇರಲಿ, ಧೈರ್ಯ ಕಾಣಲಿ" ಎಂದು ಹಿಂದಿಯಲ್ಲಿ ಹೇಳಿ ನಾನು ಲೋಕಲ್ ಹಿಡಿಯಲು ಓಡಿದೆ. ಅಲ್ಲಿ ದೊಡ್ಡ ಮೀಸೆಯಿದ್ದದ್ದು ವಾಚ್‌ಮನ್ ರಾಮ್‌ಸೇವಕನೊಬ್ಬನಿಗೇ. ಸಿಂಹಕ್ಕೆ, ಅವನ ಸ್ಟೂಲಿನ ಕೆಳಗೆ ಮಲಗುವ ನಾಯಿ ಸಾಕಾಯಿತು.

ಉದ್ಘಾಟನೆಯ ದಿನ ಪರದೆ ಸರಿಸಿದರೆ, ಕಂಬದ ಮೇಲೆ ನಮ್ಮ ರಾಮ್‌ಸೇವಕ ಕೋಲು ಹಿಡಿದು ಬೀದಿನಾಯಿಯನ್ನು ಓಡಿಸುತ್ತಿದ್ದಾನೆ! ಜೋಶಿಯವರು, "ವಾಹ್ ರಾವ್‌ಸಾಹೇಬ್! ವಾಚ್‌ಮನ್‌ನ ಮೂರ್ತಿ ಮಾಡಿಸುವಷ್ಟು ದೊಡ್ಡ ಮನಸ್ಸು ಯಾರಿಗಿದೆ?" ಎಂದು ಚಪ್ಪಾಳೆ ತಟ್ಟಿದರು. ಅದು ಸಳನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ರಾಮ್‌ಸೇವಕ ಕಣ್ಣಿಗೆ ಬಿದ್ದ. ಟೋಪಿ ತೆಗೆದು, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತನ್ನನ್ನು ತಾನೇ ತಲೆಯೆತ್ತಿ ನೋಡುತ್ತಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಳನಿಗೆ ಊರಿನಲ್ಲಿ ಬೇಕಾದಷ್ಟು ಮೂರ್ತಿಗಳಿವೆ ಎಂದುಕೊಂಡು ಬಾಯಿ ಮುಚ್ಚಿದೆ.

ಆ ಡಿಸೆಂಬರಿನಲ್ಲಿ ಹೆಂಡತಿ ಹಟ ಹಿಡಿದು ಬೇಲೂರಿಗೆ ಕರೆದುಕೊಂಡು ಹೋದಳು. ಗೈಡ್ ಭಕ್ತಿಯಿಂದ ಸಳನ ಕತೆ ಹೇಳುತ್ತಿದ್ದ. ಡೊಂಬಿವಲಿಯಲ್ಲೇ ಹುಟ್ಟಿದ ನನ್ನ ಮಗಳು ನಡುವೆ ಬಾಯಿ ಹಾಕಿ, "ಪಪ್ಪಾ, ಇನ್ ಲೋಗೋಂನೇ ಅಪ್ನೇ ವಾಚ್‌ಮನ್ ಅಂಕಲ್ ಕಾ ಕಾಪಿ ಮಾರಾ ಹೈ!" ಎಂದು ಕೂಗಿದಳು. ಹೊಯ್ಸಳರು ನಮ್ಮ ವಾಚ್‌ಮನ್‌ನನ್ನು ನೋಡಿ ಕಾಪಿ ಹೊಡೆದಿದ್ದಾರಂತೆ!

ಗೈಡ್ ಮಾತು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸಾರ್, ತಾವು ಕನ್ನಡದೋರಾ?"

"ಮೀ? ಮೀ ಡೊಂಬಿವಲೀಚಾ" ಎಂದೆ, ಅಚ್ಚ ಮರಾಠಿಯಲ್ಲಿ.